ರೀಡಿನ ನಂಬರ್ ನೋಡಿ ವಾದಕರನ್ನು ಅಳೆಯಬೇಡಿ

ಕ್ಲಾರಿನೆಟ್ ನುಡಿಸುವವರು ನಾಲ್ಕು ಜನ ಸೇರಿದರೆ ಒಂದು ಪ್ರಶ್ನೆ ಬಂದೇ ಬರುತ್ತೆ. "ನೀವು ಎಷ್ಟನೇ ನಂಬರ್ ರೀಡ್ ಹಾಕ್ತೀರಿ?" ರೀಡ್ ಅಂದರೆ ವಾದ್ಯದ ಬಾಯಿಗೆ ಕಟ್ಟುವ, ಊದಿದಾಗ ಅದುರಿ ಸ್ವರ ಹುಟ್ಟಿಸುವ ತೆಳು ಪಟ್ಟಿ, ಸಾಮಾನ್ಯವಾಗಿ ಜೊಂಡಿನದು. ಎರಡೂವರೆ ಅಂದರೆ ಇನ್ನೂ ಕಲಿಯುವವರು, ನಾಲ್ಕು ಅಂದರೆ ಪಳಗಿದವರು ಅನ್ನೋ ಲೆಕ್ಕ. ಈ ಲೆಕ್ಕ ತಪ್ಪು. ಎಷ್ಟೋ ಮಕ್ಕಳು ಇದನ್ನು ನಂಬಿ ಅವಸರದಲ್ಲಿ ಗಟ್ಟಿ ರೀಡ್‌ಗೆ ಹೋಗುತ್ತಾರೆ. ಸ್ವರ ಹೊರಡಿಸೋಕೆ ದವಡೆ ಬಿಗಿ ಹಿಡಿದು, ಕೆಳದುಟಿಯ ಒಳಭಾಗ ಗಾಯ ಮಾಡಿಕೊಂಡು, ಸ್ವರಕ್ಕಿಂತ ಗಾಳಿಯ ಸದ್ದೇ ಜಾಸ್ತಿ ಕೇಳಿಸುವಾಗ ಈ ವಾದ್ಯ ನಮಗೆ ಒಗ್ಗಲ್ಲ ಅಂತ ಕೈಬಿಡುತ್ತಾರೆ. ಅದು ನನಗೆ ತುಂಬಾ ಬೇಜಾರಿನ ವಿಷಯ.

ಮೊದಲು ನಂಬರ್ ಅಂದರೆ ಏನು ಅಂತ ನೋಡೋಣ. ನಾಲ್ಕರ ರೀಡ್ ಎರಡರದ್ದಕ್ಕಿಂತ ದಪ್ಪ ಇರುತ್ತೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಒಂದು ಕಂಪನಿಯ ಒಂದೇ ಮಾದರಿಯ ರೀಡುಗಳನ್ನೆಲ್ಲ ಒಂದೇ ಅಳತೆಗೆ ಕೆತ್ತುತ್ತಾರೆ. ಆಮೇಲೆ ಯಂತ್ರದಲ್ಲಿಟ್ಟು ತುದಿ ಎಷ್ಟು ಬಾಗುತ್ತೆ ಅಂತ ನೋಡಿ ವಿಂಗಡಿಸುತ್ತಾರೆ. ಕಡಿಮೆ ಬಾಗಿದ್ದಕ್ಕೆ ದೊಡ್ಡ ನಂಬರ್, ಅಷ್ಟೇ. ಅಂದರೆ ಆ ಸಂಖ್ಯೆ ಹೇಳುವುದು ರೀಡಿನ ಬಿಗುವನ್ನು, ನಿಮ್ಮ ಸಾಮರ್ಥ್ಯವನ್ನಲ್ಲ. ಅದೂ ಕಂಪನಿಯಿಂದ ಕಂಪನಿಗೆ ಬೇರೆ. ರಿಕೋದ ಸಾದಾ 3 ಹಾಕಿಕೊಂಡು ಆರಾಮಾಗಿ ನುಡಿಸುತ್ತಿದ್ದವರು ವಾಂಡೋರೆನ್ 3 ಹಾಕಿದರೆ ಉಸಿರು ಕಟ್ಟಿದ ಹಾಗಾಗುತ್ತೆ.

ಇನ್ನೊಂದು ವಿಷಯ ಮೌತ್‌ಪೀಸ್. ರೀಡನ್ನು ಕಟ್ಟಿ ಬಾಯಲ್ಲಿಡುವ ಈ ಭಾಗವನ್ನು ಬಿಟ್ಟು ರೀಡಿನ ಮಾತಾಡಿ ಉಪಯೋಗವೇ ಇಲ್ಲ. ಮೌತ್‌ಪೀಸಿನ ತುದಿಗೂ ರೀಡಿನ ತುದಿಗೂ ನಡುವೆ ಇರುವ ಸಂದು ಕೆಲವದರಲ್ಲಿ ಹೆಚ್ಚುಕಡಿಮೆ 1 ಮಿ.ಮೀ., ವಾಂಡೋರೆನ್ ಬಿ45 ತರದ್ದರಲ್ಲಿ ಸುಮಾರು 1.2 ಮಿ.ಮೀ. ನೋಡೋಕೆ ಏನೂ ಅಲ್ಲ, ಬಾಯಲ್ಲಿಟ್ಟರೆ ಅಜಗಜಾಂತರ. ಸಂದು ಜಾಸ್ತಿ ಇದ್ದರೆ ರೀಡ್ ಅಷ್ಟು ದೂರ ಬಾಗಬೇಕು, ಹಾಗಾಗಿ ಮೆತ್ತನೆಯದೇ ಸಾಕು. ಸಂದು ಕಿರಿದಾಗಿದ್ದರೆ ಮೆತ್ತನೆಯ ರೀಡ್ ಮೌತ್‌ಪೀಸಿಗೆ ಅಂಟಿಕೊಂಡು ಸ್ವರ ನಿಂತೇ ಹೋಗುತ್ತೆ, ಗಟ್ಟಿಯದೇ ಬೇಕು. ಅಗಲ ಸಂದಿನಲ್ಲಿ ಎರಡೂವರೆ ಹಾಕುವವರೂ ಕಿರಿದಾದದ್ದರಲ್ಲಿ ಮೂರೂವರೆ ಹಾಕುವವರೂ ಪಡುವ ಶ್ರಮ ಹೆಚ್ಚುಕಡಿಮೆ ಒಂದೇ ಇರಬಹುದು. ಇದರಲ್ಲಿ ಯಾರು ದೊಡ್ಡವರು?

ನನ್ನ ಪ್ರಕಾರ ನಂಬರಿಗಿಂತ ಮುಖ್ಯವಾದದ್ದು ಕೆತ್ತನೆ, ಅಂದರೆ ಮಾದರಿಯಿಂದ ಮಾದರಿಗೆ ಬದಲಾಗುವ ಆಕಾರ, ದಪ್ಪ. ವಾಂಡೋರೆನ್ ಒಂದನ್ನೇ ತೆಗೆದುಕೊಳ್ಳಿ. ನೀಲಿ ಡಬ್ಬಿಯ ಟ್ರೆಡಿಷನಲ್ ರೀಡಿನ ಬುಡ 2.8 ಮಿ.ಮೀ. ದಪ್ಪ, ತುದಿ 0.09 ಮಿ.ಮೀ. ಅವರದ್ದೇ ವಿ12 ಮಾದರಿಯನ್ನು ಆಲ್ಟೋ ಸ್ಯಾಕ್ಸೋಫೋನ್ ರೀಡಿಗೆ ಬಳಸುವಂಥ ದಪ್ಪ ಜೊಂಡಿನ ಕೊಳವೆಯಿಂದ ಮಾಡುತ್ತಾರೆ. ಅದರ ಬುಡ 3.15, ತುದಿ 0.10. "56 ರ್ಯೂ ಲೆಪಿಕ್" ಅನ್ನೋ ಮಾದರಿ ಇನ್ನೂ ಸ್ವಲ್ಪ ದಪ್ಪ. ಇವುಗಳ ವ್ಯತ್ಯಾಸ ಕೇಳಬೇಕಾದರೆ ವೇಗದ ಸ್ವರಗಳನ್ನು ನುಡಿಸಬೇಡಿ. ಕೆಳಗಿನ ಒಂದು ಸ್ವರವನ್ನು ತೀರಾ ಮೆಲ್ಲಗೆ ಶುರುಮಾಡಿ, ನಿಧಾನಕ್ಕೆ ಏರಿಸಿ, ಮತ್ತೆ ಇಳಿಸಿ ನೋಡಿ. ಟ್ರೆಡಿಷನಲ್ ನಾಲಿಗೆ ಮುಟ್ಟಿದ ತಕ್ಷಣ ಮಾತಾಡುತ್ತೆ, ಸ್ವರದಲ್ಲಿ ಹೊಳಪು ಇರುತ್ತೆ, ಆದರೆ ಜೋರು ಮಾಡುತ್ತಾ ಹೋದರೆ ಸ್ವಲ್ಪ ಹರಡಿದ ಹಾಗೆ ಕೇಳುತ್ತೆ. ವಿ12ಗೆ ಶುರುವಿನಲ್ಲಿ ಸ್ವಲ್ಪ ಹೆಚ್ಚು ಗಾಳಿ ಬೇಕು, ಆದರೆ ಜೋರಾದಾಗಲೂ ಸ್ವರ ತುಂಬಿಕೊಂಡು ಒಂದೇ ಕಡೆ ನಿಲ್ಲುತ್ತೆ. ನನ್ನ ಕಿವಿಗೆ ವಿ12 ಇಷ್ಟ. ಹಾಗಂತ ಹೊಸಬರಿಗೆ ನಾನು ಹೇಳುವುದು ನೀಲಿ ಡಬ್ಬಿಯ ಎರಡೂವರೆಯನ್ನೇ. ಸ್ವರ ಬೇಗ ಹುಟ್ಟಿದರೆ ನುಡಿಸುವ ಆಸೆಯೂ ಉಳಿಯುತ್ತೆ. ಡಿ'ಅಡಾರಿಯೋದ ರಿಸರ್ವ್ ಕೂಡ ಒಳ್ಳೆಯ ರೀಡ್. ಅದರಲ್ಲಿ 3.5+ ತರದ ನಡುವಿನ ಮೆಟ್ಟಿಲೂ ಸಿಗುತ್ತೆ, ಅರ್ಧ ನಂಬರ್ ಏರಿದರೆ ಜಾಸ್ತಿ ಅನಿಸುವವರಿಗೆ ಅನುಕೂಲ.



ಒಂದೇ ಡಬ್ಬಿಯ ಹತ್ತು ರೀಡುಗಳೂ ಒಂದೇ ತರ ಇರಲ್ಲ ಅಂತ ಕಂಪನಿಯನ್ನು ಬೈಯುವವರಿದ್ದಾರೆ. ಇದು ಅರುಂಡೋ ಡೊನಾಕ್ಸ್ ಅನ್ನೋ ಜೊಂಡು, ನೆಲದಲ್ಲಿ ಬೆಳೆದದ್ದು. ದಕ್ಷಿಣ ಫ್ರಾನ್ಸಿನ ವಾರ್ ಪ್ರದೇಶದ್ದು ಹೆಸರುವಾಸಿ. ಕಡಿದು ಬಿಸಿಲಲ್ಲಿ ಒಣಗಿಸಿ, ಹಸಿರು ಹೋಗಿ ಬಂಗಾರದ ಬಣ್ಣ ಬಂದ ಮೇಲೆ ಕೆತ್ತುತ್ತಾರೆ. ಒಂದು ರೀಡನ್ನು ಬೆಳಕಿಗೆ ಹಿಡಿದು ನೋಡಿ. ನಡುವೆ ಕಮಾನಿನಂತೆ ಕಪ್ಪಾಗಿ ಕಾಣುವುದು ಅದರ ಹೃದಯ, ತುದಿಯ ಕಡೆ ಬೆಳಕು ತೂರಿ ಬರುತ್ತೆ, ಉದ್ದಕ್ಕೂ ನಾರಿನ ಗೆರೆಗಳು. ಕಮಾನು ಒಂದು ಪಕ್ಕಕ್ಕೆ ವಾಲಿದ್ದರೆ ಆ ಪಕ್ಕ ಬಿಗಿ ಇರುವ ಸಂಭವ ಹೆಚ್ಚು. ನುಡಿಸಿಯೂ ಪರೀಕ್ಷೆ ಮಾಡಬಹುದು. ವಾದ್ಯವನ್ನು ಬಾಯಲ್ಲೇ ಸ್ವಲ್ಪ ಎಡಕ್ಕೆ ಹೊರಳಿಸಿ ಒಂದು ಸ್ವರ, ಬಲಕ್ಕೆ ಹೊರಳಿಸಿ ಅದೇ ಸ್ವರ. ಒಂದು ಕಡೆ ಸಲೀಸಾಗಿ ಬಂದು ಇನ್ನೊಂದು ಕಡೆ ಬರೀ ಗಾಳಿಯ ಸದ್ದು ಬಂದರೆ, ಬಿಗಿ ಇರುವ ಪಕ್ಕವನ್ನು ನಯವಾದ ಉಪ್ಪುಕಾಗದದಿಂದ ಎರಡು ಸಲ ಸವರಿ ಮತ್ತೆ ನುಡಿಸಿ. ತುದಿಯನ್ನು ಮಾತ್ರ ಮುಟ್ಟಬೇಡಿ. ಎಸೆಯಬೇಕು ಅಂದುಕೊಂಡ ಎಷ್ಟೋ ರೀಡುಗಳು ಇಷ್ಟಕ್ಕೇ ಸರಿಹೋಗುತ್ತವೆ. ಸ್ವಲ್ಪ ಗಟ್ಟಿ ಅನಿಸಿದರೆ ರೀಡನ್ನು ಬಿಗಿದು ಹಿಡಿಯುವ ಪಟ್ಟಿಯನ್ನು (ಲಿಗೇಚರ್) ಸಡಿಲಿಸಿ ರೀಡನ್ನು ಕೂದಲೆಳೆಯಷ್ಟು ಕೆಳಗಿಳಿಸಿ, ಮೆತ್ತಗಿದ್ದರೆ ಮೇಲೆ ಸರಿಸಿ.

ಹೊಸ ರೀಡನ್ನು ಮೊದಲ ದಿನವೇ ಗಂಟೆಗಟ್ಟಲೆ ನುಡಿಸಬೇಡಿ. ಕೆಲವು ದಿನ ಐದೈದು ನಿಮಿಷ ಸಾಕು. ಮೂರು ನಾಲ್ಕನ್ನು ಸರದಿಯಲ್ಲಿ ಬಳಸಿ, ಒರೆಸಿ, ಸಪಾಟಾದ ಪೆಟ್ಟಿಗೆಯಲ್ಲಿಡಿ. ಮೌತ್‌ಪೀಸಿನಲ್ಲೇ ಬಿಟ್ಟರೆ ತುದಿ ಅಲೆ ಅಲೆಯಾಗುತ್ತೆ, ಬೂಷ್ಟೂ ಹಿಡಿಯಬಹುದು.

ಈಗ ಪ್ಲಾಸ್ಟಿಕ್ ವಿಷಯ. ಕೆನಡಾದ ಲೆಜೇರ್ ಕಂಪನಿ ಪಾಲಿಪ್ರೊಪಿಲಿನ್‌ನಿಂದ ಮಾಡುವ ರೀಡುಗಳನ್ನು "ಅದು ಆಟಿಕೆ" ಅಂತ ತಳ್ಳಿಹಾಕುವವರ ಮಾತು ನನಗೆ ಒಪ್ಪಿಗೆ ಇಲ್ಲ. ಅವರ ಯುರೋಪಿಯನ್ ಸಿಗ್ನೇಚರ್ ಹಾಕಿಕೊಂಡು ಆರ್ಕೆಸ್ಟ್ರಾದಲ್ಲಿ ನುಡಿಸುವವರಿದ್ದಾರೆ. ಒದ್ದೆ ಮಾಡಬೇಕಾಗಿಲ್ಲ, ಒಣಗಿ ಸೊಟ್ಟಗಾಗಲ್ಲ, ತಿಂಗಳುಗಟ್ಟಲೆ ಬರುತ್ತೆ, ಕಾಲು ನಂಬರಿನ ಮೆಟ್ಟಿಲುಗಳಲ್ಲಿ ಸಿಗುತ್ತೆ. ಒಂದು ರೀಡಿನ ಬೆಲೆ ಜಾಸ್ತಿ ನಿಜ, ಆದರೆ ಜೊಂಡಿನ ಡಬ್ಬಿಗಳನ್ನು ಮತ್ತೆ ಮತ್ತೆ ಕೊಳ್ಳುವ ಖರ್ಚೂ ಲೆಕ್ಕ ಹಾಕಿ. ಬಯಲಲ್ಲಿ ನುಡಿಸುವವರು, ಒಂದೇ ಕಾರ್ಯಕ್ರಮದಲ್ಲಿ ಸ್ಯಾಕ್ಸೋಫೋನು ಕ್ಲಾರಿನೆಟ್ಟು ಎರಡನ್ನೂ ಬದಲಿಸುತ್ತಾ ನುಡಿಸುವವರು ಒಂದನ್ನು ಇಟ್ಟುಕೊಳ್ಳಲೇಬೇಕು. ಪಕ್ಕಕ್ಕಿಟ್ಟು ಹತ್ತು ನಿಮಿಷ ಬಿಟ್ಟು ಎತ್ತಿಕೊಂಡರೂ ಹಾಗೇ ಇರುತ್ತೆ. ನನಗೆ ಅದರಲ್ಲಿ ಕಡಿಮೆ ಅನಿಸೋದು ಒಂದೇ. ತೀರಾ ಮೆಲ್ಲಗೆ ನುಡಿಸುವಾಗ ಸ್ವರದ ಬಣ್ಣ ಬದಲಿಸೋಕೆ ಜೊಂಡು ಕೊಡುವಷ್ಟು ಜಾಗ ಅದು ಕೊಡಲ್ಲ. ಆದ್ದರಿಂದ ಒಬ್ಬರೇ ಕೂತು ನಿಧಾನಗತಿಯದ್ದನ್ನು ನುಡಿಸುವಾಗ ಇವತ್ತಿಗೂ ನನ್ನ ಕೈ ಹೋಗೋದು ಜೊಂಡಿನ ಕಡೆಗೇ.

ಹೋಲಿಸಿ ನೋಡುವವರು ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮೌತ್‌ಪೀಸು, ರೀಡು, ಲಿಗೇಚರ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತೇ ಆಗಲ್ಲ. ಕಲಿಸುವವರಲ್ಲಿ ಒಂದು ವಿನಂತಿ: ಇಡೀ ತರಗತಿಗೆ ಒಂದೇ ನಂಬರ್ ತರಿಸಬೇಡಿ. ಒಬ್ಬೊಬ್ಬರ ಮೌತ್‌ಪೀಸ್ ನೋಡಿ, ಒಂದು ಉದ್ದ ಸ್ವರ ಕೇಳಿ, ಆಮೇಲೆ ಹೇಳಿ. ನೀವು ಯಾವ ಮೌತ್‌ಪೀಸಿಗೆ ಯಾವ ರೀಡ್ ಹಾಕ್ತೀರಿ ಅಂತ ಕೆಳಗೆ ಬರೆಯಿರಿ. ಎರಡನ್ನೂ ಬರೆಯಿರಿ, ಬರೀ ನಂಬರ್ ಬೇಡ.