ಒಡೆದ ಲೋಟದ ಲೆಕ್ಕ

"ಆ ಕಾಲದ ಮಜಾನೇ ಬೇರೆ, ಅಲ್ವಾ ಮಾವ?" ಕುಂಗ್‌ಫೂ ಸಿನಿಮಾ ನೋಡುತ್ತಾ ಅಳಿಯ ನಿಟ್ಟುಸಿರು ಬಿಟ್ಟ. ತೆರೆಯ ಮೇಲಿದ್ದದ್ದು 1930ರ ದಶಕದ ಚೀನಾ. ಇವನು ಹುಟ್ಟಿದ್ದು 1992ರಲ್ಲಿ, ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ. ಯಾವ ಕಾಲ ನೆನಪಾಯಿತೋ!

ಸಿನಿಮಾದವರಿಗೆ ಹಳೇ ಕಾಲ ಅಂದರೆ ಎಲ್ಲವೂ ಚಹಾದ ಬಣ್ಣ. ದೀಪ ಮಂಕು, ಹೊಗೆ ಜಾಸ್ತಿ, ಮಳೆ ಬಿಡುವುದೇ ಇಲ್ಲ. ಆ ಕಾಲದಲ್ಲಿ ಬಿಸಿಲೇ ಇರಲಿಲ್ಲವೇ? ಹೊಡೆದಾಟ ಶುರುವಾಗುವುದು ಮಾತ್ರ ಚಹಾದಂಗಡಿಯಲ್ಲೇ. ಒಬ್ಬ ಮಹಡಿಯಿಂದ ಬೀಳುತ್ತಾನೆ, ಕೆಳಗಿನ ಮೇಜು ಎರಡು ಹೋಳು. ಎಲ್ಲರೂ ಹೀರೋನನ್ನು ನೋಡುವಾಗ ನಾನು ಗಲ್ಲಾದ ಹಿಂದೆ ಬಗ್ಗಿ ಕೂತವನನ್ನು ಹುಡುಕುತ್ತೇನೆ.

ಊರಿಂದ ಬಂದು ನಾನು ಮೊದಲು ಸೇರಿದ್ದು ಮುಂಬಯಿಯ ಫೋರ್ಟಿನ ಒಂದು ಉಡುಪಿ ಹೋಟೆಲಿಗೆ. ಹಗಲೆಲ್ಲ ಟೇಬಲ್ ಒರೆಸುವುದು, ರಾತ್ರಿ ಕನ್ನಡ ಶಾಲೆ. ಗಲ್ಲಾದಲ್ಲಿ ಕೆಂಪು ಬಟ್ಟೆ ಹೊದಿಸಿದ ಒಂದು ಪುಸ್ತಕ ಇತ್ತು. ಲೋಟ ಒಡೆದರೆ ಅದರಲ್ಲಿ ಹೆಸರು, ತಿಂಗಳ ಕೊನೆಗೆ ಸಂಬಳದಲ್ಲಿ ಕಟ್. ಬಿಸಿ ಚಹಾ ಹೊಯ್ದಾಗ ತಾನಾಗಿ ಬಿರಿದರೂ ನಮ್ಮದೇ ತಪ್ಪು. ಗಿರಾಕಿಯ ಮೊಣಕೈ ತಾಗಿದರೂ ಅಷ್ಟೇ. ಧಣಿಗಳು ದೇವರ ಪಟಕ್ಕೆ ಊದಿನಕಡ್ಡಿ ಬೆಳಗಿ, ಅದೇ ಕೈಯಲ್ಲಿ ಆ ಪುಸ್ತಕ ತೆರೆಯುತ್ತಿದ್ದರು.

ಒಮ್ಮೆ ಇಬ್ಬರು ದೊಡ್ಡ ಮನುಷ್ಯರು ಬಿಲ್ಲಿಗಾಗಿ ಜಗಳಕ್ಕೆ ನಿಂತರು. ಕೊಡುವುದಿಲ್ಲ ಅಂತಲ್ಲ. "ನಾನು ಕೊಡ್ತೇನೆ", "ಛೇ ಛೇ, ನಾನು ಕೊಡ್ತೇನೆ" ಅಂತ ಒಬ್ಬರ ಕೈ ಒಬ್ಬರು ಹಿಡಿದು ಜಗ್ಗಾಡಿದರು. ಒಬ್ಬರ ಕೈ ಫಕ್ಕನೆ ಜಾರಿ ಬಂದು ನನ್ನ ಟ್ರೇಗೆ ಬಡಿಯಿತು. ಒಂದು ಟ್ರೇ ಲೋಟ ಪೂರ್ತಿ ಚೂರು. ಅವರಿಬ್ಬರೂ ನಕ್ಕರು, ನನ್ನ ಬೆನ್ನು ತಟ್ಟಿದರು, ಬೀಡಾ ಹಾಕಿಕೊಂಡು ಹೋದರು. ಪುಸ್ತಕದಲ್ಲಿ ಬಿದ್ದದ್ದು ಟ್ರೇ ಹಿಡಿದವನ ಹೆಸರು. ಆ ದುಡ್ಡು ನನಗೆ ಇವತ್ತಿಗೂ ಬರಬೇಕು. ಈಗಿನವರು ಅಂಥದ್ದೇ ಗಾಜಿನ ಲೋಟದಲ್ಲಿ ಅರ್ಧ ಚಹಾ ಕೊಟ್ಟು, ಗೋಡೆಗೆ ಕಪ್ಪು-ಬಿಳುಪು ಫೋಟೋ ಹಾಕಿ, ಮೈ ಉರಿಯುವಷ್ಟು ಬಿಲ್ ಮಾಡುತ್ತಾರೆ. ಹಳೇ ಕಾಲ ಬೇಕಂತೆ! ಆ ಕೆಂಪು ಪುಸ್ತಕವನ್ನೂ ಇಡಲಿ, ನೋಡೋಣ.

ಅದಕ್ಕೇ ಹಾಂಗ್‌ಕಾಂಗಿನ ನಿರ್ದೇಶಕ ವಾಂಗ್ ಕಾರ್‌ವೈ ಮಾಡಿದ 2013ರ ಕುಂಗ್‌ಫೂ ಸಿನಿಮಾ 'ದ ಗ್ರ್ಯಾಂಡ್‌ಮಾಸ್ಟರ್' ಒಂದರ ಮೇಲೆ ನನಗೆ ಸಿಟ್ಟಿಲ್ಲ. ಅಲ್ಲೂ ಮಳೆ ಇದೆ, ಹೊಗೆ ಇದೆ, ಮಂಕು ದೀಪವೂ ಇದೆ. ಆದರೆ ಗೋಂಗ್ ಎರ್ ಎಂಬ ಹೆಣ್ಣುಮಗಳ ಎದುರು ಹೊಡೆದಾಟಕ್ಕೆ ನಿಂತ ಕುಂಗ್‌ಫೂ ಗುರು ಇಪ್ ಮ್ಯಾನ್, ಇಲ್ಲಿ ಏನಾದರೂ ಒಡೆದರೆ ನೀನೇ ಗೆದ್ದ ಹಾಗೆ ಅನ್ನುತ್ತಾನೆ. ಆಹಾ! ಗಲ್ಲಾದವನ ಹೊಟ್ಟೆ ತಣ್ಣಗಾಗುವ ಮಾತು. ಇಬ್ಬರೂ ಹಾರುತ್ತಾರೆ, ತಿರುಗುತ್ತಾರೆ. ಕೊನೆಗೆ ಅವನ ಕಾಲಡಿ ಮೆಟ್ಟಿಲಿನ ಹಲಗೆ ಲಟ್ಟೆಂದು ಮುರಿಯುತ್ತದೆ. ಅವನು ಸೋಲು ಒಪ್ಪಿಕೊಳ್ಳುತ್ತಾನೆ.

ಹಲಗೆಯ ದುಡ್ಡು ಯಾರ ಸಂಬಳದಲ್ಲಿ ಹಿಡಿದರೋ.