ಅಪ್ಪನ ಪದಗಳು, ಏಳು ದಿನದ ಬ್ಯಾಕಪ್

ನಮ್ಮ ಮನೆ ಬೆಂಗಳೂರಿನ ಹನುಮಂತನಗರದಲ್ಲಿ. ಅಪ್ಪ ತೀರ್ಥಹಳ್ಳಿ ಕಡೆಯವರು, ರಿಟೈರ್ ಆದ ಮೇಷ್ಟ್ರು. ಅಡಿಕೆ ತೋಟದ ಮಾತುಗಳನ್ನು ಎಷ್ಟೋ ವರ್ಷದಿಂದ ಕೂಡಿಡುತ್ತಿದ್ದಾರೆ. ದೋಟಿ, ಕೊನೆಗಾರ, ಮೆಟ್ಟುಗತ್ತಿ, ಕೊಟ್ಟೆ ಕಟ್ಟುವುದು, ಹೀಗೆ. ಪದ, ಅದರ ಅರ್ಥ, ಯಾರ ಬಾಯಲ್ಲಿ ಕೇಳಿದ್ದು, ಎಲ್ಲವನ್ನೂ 'ನುಡಿ' ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿಟ್ಟಿದ್ದರು.

ದೀಪಾವಳಿ ರಜೆಯಲ್ಲಿ ಆ ಫೈಲುಗಳನ್ನೆಲ್ಲ ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಬದಲಾಯಿಸಿ, ಹಳೆಯದರ ಮೇಲೇ ಸೇವ್ ಮಾಡಿದೆ. ನಾಲ್ಕೈದು ಪುಟ ನೋಡಿದೆ, ಚೆನ್ನಾಗಿತ್ತು. ಯುಗಾದಿ ಹೊತ್ತಿಗೆ ಅಪ್ಪ ಕರೆದರು. "ಇದೇನೋ, ಮೆಟ್ಟುಗತ್ತಿ ಮೆಟುಗತಿ ಆಗಿದೆ?" ಅಷ್ಟೇ ಅಲ್ಲ, ಕರ್ನಾಟಕ ಎನ್ನುವುದು 'ಕನಾರ್ಟಕ' ಆಗಿತ್ತು. ಹಳೆಯ ಫಾಂಟ್‌ಗಳಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಇರುತ್ತದೆ. ಯೂನಿಕೋಡ್‌ನಲ್ಲಿ ಅದು ಅಕ್ಷರದ ಮೊದಲೇ ಬರಬೇಕು. ಅದನ್ನು ತಿರುಗಿಸಿ ಹಾಕಿಕೊಳ್ಳಬಹುದು. ಆದರೆ ಉದುರಿಹೋದ ಒತ್ತಕ್ಷರವನ್ನು ಎಲ್ಲಿಂದ ತರುವುದು?

ಬ್ಯಾಕಪ್ ಇತ್ತು. ಪ್ರತಿ ರಾತ್ರಿ ತಪ್ಪದೆ ಓಡುತ್ತಿತ್ತು, ಒಂದು ದಿನವೂ ಕೈಕೊಟ್ಟಿರಲಿಲ್ಲ. ಆದರೆ ಅದರಲ್ಲಿ 'ಕೊನೆಯ 7 ಸ್ನ್ಯಾಪ್‌ಶಾಟ್ ಸಾಕು' ಎಂದು ನಾನೇ ಹಾಕಿದ್ದೆ. ಒಂದು ಸಲದ ಬ್ಯಾಕಪ್‌ನಲ್ಲಿ ಫೈಲುಗಳು ಆ ಹೊತ್ತಿಗೆ ಇದ್ದ ಹಾಗೆ ಉಳಿದ ಪ್ರತಿಯೇ ಸ್ನ್ಯಾಪ್‌ಶಾಟ್. ತಪ್ಪು ಆಗಿ ಐದು ತಿಂಗಳಾಗಿತ್ತು. ಏಳು ಪ್ರತಿಗಳಲ್ಲೂ ಅದೇ ಮೆಟುಗತಿ. ಕೊನೆಗೆ ಒಂದು ಹಳೆಯ ಸಿ.ಡಿ.ಯಿಂದ ಒಂದಷ್ಟು ಸಿಕ್ಕಿತು. ಉಳಿದಿದ್ದನ್ನು ಅಪ್ಪ ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು ಮತ್ತೆ ಟೈಪ್ ಮಾಡುತ್ತಿದ್ದಾರೆ.

ಅವತ್ತಿನಿಂದ ನನಗೆ ಒಂದು ಮಾತು ಗಟ್ಟಿಯಾಗಿದೆ. ಎಷ್ಟು ಸಲ ಬ್ಯಾಕಪ್ ಆಗುತ್ತದೆ ಅನ್ನುವುದಕ್ಕಿಂತ ಎಷ್ಟು ಹಿಂದಕ್ಕೆ ಹೋಗಬಹುದು ಅನ್ನುವುದೇ ಮುಖ್ಯ. ಡಿಸ್ಕ್ ಸತ್ತರೆ ಅದೇ ದಿನ ಗೊತ್ತಾಗುತ್ತದೆ. ಒಂದು ಫೈಲ್ ಒಳಗೊಳಗೇ ಕೆಟ್ಟರೆ, ಅದನ್ನು ಮತ್ತೆ ತೆರೆಯುವ ತನಕ ಗೊತ್ತಾಗುವುದಿಲ್ಲ. ನಾವು ಮನೆಯ ಫೈಲುಗಳನ್ನು ಎಷ್ಟು ದಿನಕ್ಕೊಮ್ಮೆ ತೆರೆಯುತ್ತೇವೆ? ಕೆಲವನ್ನು ವರ್ಷಕ್ಕೊಮ್ಮೆ, ಅಲ್ವಾ? ಬ್ಯಾಕಪ್‌ನ ನೆನಪು ಅದಕ್ಕಿಂತ ಉದ್ದ ಇರಬೇಕು. 'ಡ್ರೈವ್‌ನಲ್ಲಿ ಇದೆ ಬಿಡಿ' ಎನ್ನುವವರಿಗೂ ಇದನ್ನೇ ಹೇಳುತ್ತೇನೆ. ಸಿಂಕ್ ಆಗುವ ಫೋಲ್ಡರ್‌ನಲ್ಲಿ ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಗೂಗಲ್ ಡ್ರೈವ್‌ನ ಕಸದ ಬುಟ್ಟಿ 30 ದಿನಕ್ಕೆ ತಾನಾಗಿ ಖಾಲಿಯಾಗುತ್ತದೆ.

ಈಗ ರೆಸ್ಟಿಕ್ ಎಂಬ ಬ್ಯಾಕಪ್ ತಂತ್ರಾಂಶ ಬಳಸುತ್ತಿದ್ದೇನೆ. ಉಚಿತ, ಓಪನ್ ಸೋರ್ಸ್. ಎಸ್.ಪಿ. ರಸ್ತೆಯಲ್ಲಿ 2 ಟಿ.ಬಿ. ಡಿಸ್ಕ್ ತಂದೆ. ಎಷ್ಟು ಸ್ನ್ಯಾಪ್‌ಶಾಟ್ ಉಳಿಸಬೇಕು ಎನ್ನುವ ನಿಯಮ ಹೀಗಿದೆ: ದಿನದ್ದು 7, ವಾರದ್ದು 5, ತಿಂಗಳದ್ದು 24, ವರ್ಷದ್ದು 10. ಈ ಲೆಕ್ಕದಲ್ಲಿ ಎಲ್ಲ ಸೇರಿಸಿದರೂ 46 ಸ್ನ್ಯಾಪ್‌ಶಾಟ್ ದಾಟುವುದಿಲ್ಲ, ಆದರೆ ಹತ್ತು ವರ್ಷ ಹಿಂದಕ್ಕೆ ಕೈ ಚಾಚಬಹುದು. ಜಾಗ 46 ಪಟ್ಟು ಬೇಕಾಗುತ್ತದೆ ಎಂದು ಹೆದರಬೇಡಿ. ಅದು ಫೈಲುಗಳನ್ನು ತುಂಡು ಮಾಡಿ, ಹೊಸ ತುಂಡುಗಳನ್ನು ಮಾತ್ರ ಸೇರಿಸುತ್ತದೆ. ಅಪ್ಪನ ಬರಹಗಳ ಮಟ್ಟಿಗಂತೂ ಜಾಗ ಲೆಕ್ಕಕ್ಕೇ ಬರುವುದಿಲ್ಲ.

ಇಲ್ಲಿ 'ದಿನದ್ದು 7' ಎಂದರೆ ಕ್ಯಾಲೆಂಡರಿನ ಏಳು ದಿನವಲ್ಲ, ಸ್ನ್ಯಾಪ್‌ಶಾಟ್ ಆಗಿರುವ ಕೊನೆಯ ಏಳು ದಿನ. ಊರಿಗೆ ಹೋಗಿ ಹದಿನೈದು ದಿನ ಕಂಪ್ಯೂಟರ್ ಆರಿಸಿಟ್ಟಿದ್ದರೂ ಹಳೆಯವು ಹಾಗೇ ಇರುತ್ತವೆ. ಒಂದೇ ದಿನ ನಾಲ್ಕು ಸಲ ಓಡಿಸಿದರೆ ಆ ದಿನದ ಕೊನೆಯದನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಫೋಲ್ಡರ್‌ನ ಜಾಗ ಬದಲಾಯಿಸಿದರೆ ಮಾತ್ರ ಅದನ್ನು ಬೇರೆಯೇ ಗುಂಪು ಎಂದು ಎಣಿಸುತ್ತದೆ. ಅದಕ್ಕೇ ನಿಯಮ ಬದಲಿಸಿದಾಗಲೆಲ್ಲ ಮೊದಲು ಡ್ರೈ-ರನ್, ಅಂದರೆ ಏನನ್ನೂ ಅಳಿಸದ ಪರೀಕ್ಷಾ ಓಟ, ಮಾಡಿ, ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ಎಂದು ಪಟ್ಟಿ ಓದಿ. 'ಫರ್ಗೆಟ್' ಎನ್ನುವ ಆಜ್ಞೆ ಸ್ನ್ಯಾಪ್‌ಶಾಟ್‌ನ ಗುರುತನ್ನು ಮಾತ್ರ ತೆಗೆಯುತ್ತದೆ. 'ಪ್ರೂನ್' ಓಡಿಸಿದಾಗ ಡೇಟಾ ನಿಜವಾಗಿ ಹೋಗುತ್ತದೆ. ನಾನು ಎರಡನ್ನೂ ಒಟ್ಟಿಗೆ ಓಡಿಸುವುದಿಲ್ಲ.

ದೊಡ್ಡ ಬದಲಾವಣೆಗೆ ಮುಂಚೆ ಕೈಯಾರೆ ಒಂದು ಸ್ನ್ಯಾಪ್‌ಶಾಟ್ ತೆಗೆದು, ಟ್ಯಾಗ್ ಹಾಕಿ, ಆ ಟ್ಯಾಗ್ ಇರುವುದನ್ನು ಯಾವತ್ತೂ ಅಳಿಸಬೇಡ ಎಂದು ನಿಯಮಕ್ಕೆ ಸೇರಿಸಿದ್ದೇನೆ. 2017ರ ಜನವರಿ 31ರಂದು, ಪ್ರೋಗ್ರಾಂ ಕೋಡ್ ಇಡುವ ತಾಣವಾದ ಗಿಟ್‌ಲ್ಯಾಬ್‌ನ ಡೇಟಾಬೇಸ್ ಅಳಿಸಿಹೋದಾಗ ಅವರ ದಿನನಿತ್ಯದ ಬ್ಯಾಕಪ್ ಆಗಿಯೇ ಇರಲಿಲ್ಲ. ಕೊನೆಗೆ ಕಾಪಾಡಿದ್ದು ಸುಮಾರು ಆರು ಗಂಟೆ ಮುಂಚೆ ಒಬ್ಬ ಎಂಜಿನಿಯರ್ ಬೇರೆ ಕೆಲಸಕ್ಕೆಂದು ಕೈಯಾರೆ ತೆಗೆದ ಸ್ನ್ಯಾಪ್‌ಶಾಟ್. ಇದನ್ನು ಅವರೇ ಬಿಡಿಸಿ ಬರೆದು ಎಲ್ಲರಿಗೂ ತಿಳಿಸಿದರು. ಅದಕ್ಕೆ ಅವರ ಮೇಲೆ ನನಗೆ ಗೌರವವಿದೆ.

ರಾತ್ರಿ ಕರೆಂಟ್ ಹೋದರೆ? ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ, ಸಮಯ ತಪ್ಪಿಹೋದರೆ ಆದಷ್ಟು ಬೇಗ ಓಡಿಸು ಎನ್ನುವ ಆಯ್ಕೆ ಇದೆ. ಅದನ್ನು ಟಿಕ್ ಮಾಡಿ. ಎರಡನೇ ಡಿಸ್ಕ್ ಮೈಸೂರಲ್ಲಿ ಅಕ್ಕನ ಮನೆಯಲ್ಲಿದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು ಕಡೆ ಮನೆಗಳಿಗೆ ನೀರು ನುಗ್ಗಿದ್ದನ್ನು ನೋಡಿದ ಮೇಲೆ, ಎಲ್ಲ ಪ್ರತಿಯೂ ಒಂದೇ ಬೀರುವಿನಲ್ಲಿರುವುದು ನನಗೆ ಸರಿ ಕಾಣುವುದಿಲ್ಲ. ರೆಸ್ಟಿಕ್‌ನ ಪಾಸ್‌ವರ್ಡ್ ಕಳೆದರೆ ಯಾರಿಂದಲೂ ಬೀಗ ತೆಗೆಯಲಾಗುವುದಿಲ್ಲ. ಅದನ್ನು ಹಾಳೆಯಲ್ಲಿ ಬರೆದು ಅಮ್ಮನ ಬ್ಯಾಂಕ್ ಪಾಸ್‌ಬುಕ್‌ನ ಜೊತೆ ಇಟ್ಟಿದ್ದೇನೆ.

ರೆಸ್ಟಿಕ್‌ನ 'ಚೆಕ್' ಆಜ್ಞೆಯನ್ನು, ಡೇಟಾವನ್ನೂ ಓದಿ ನೋಡುವ --read-data ಆಯ್ಕೆಯ ಜೊತೆ, ತಿಂಗಳಿಗೊಮ್ಮೆ ಓಡಿಸುತ್ತೇನೆ. ಇಟ್ಟದ್ದು ಇಟ್ಟ ಹಾಗೇ ಇದೆಯೇ ಎಂದು ಅದು ಹೇಳುತ್ತದೆ. ಅರ್ಕಾವತ್ತು ಸರಿಯಾದ ಜಾಗದಲ್ಲಿದೆಯೇ ಎಂದು ಅದಕ್ಕೆ ತಿಳಿಯದು. ಹಾಗಾಗಿ ತಿಂಗಳ ಮೊದಲ ಭಾನುವಾರ, ಕಾಫಿ ಆದ ಮೇಲೆ, ಯಾವುದಾದರೂ ಹಳೆಯ ಸ್ನ್ಯಾಪ್‌ಶಾಟ್‌ನಿಂದ ಒಂದು ಫೈಲನ್ನು ಖಾಲಿ ಫೋಲ್ಡರ್‌ಗೆ ತೆಗೆದು ಅಪ್ಪನ ಮುಂದೆ ಇಡುತ್ತೇನೆ. ಮೊನ್ನೆ 'ಮ' ಅಕ್ಷರದ ಫೈಲ್ ಬಂತು. ಅಪ್ಪ ಕನ್ನಡಕ ಏರಿಸಿಕೊಂಡು ಮೂರು ಪುಟ ಓದಿದರು. "ಮೆಟ್ಟುಗತ್ತಿ ಸರಿಯಾಗಿದೆ" ಎಂದು ಹೇಳಿ, ಹಿಂದಿನ ದಿನ ಊರಿಂದ ಫೋನಿನಲ್ಲಿ ಕೇಳಿದ ಇನ್ನೊಂದು ಪದವನ್ನು ಅದರ ಕೆಳಗೆ ಬರೆಯಲು ಹೊರಟರು. ಅದು ಬ್ಯಾಕಪ್‌ನಿಂದ ತೆಗೆದ ಪ್ರತಿ ಅಪ್ಪ, ಅಸಲಿನಲ್ಲಿ ಬರೆಯಿರಿ ಎಂದು ಆ ಫೈಲ್ ತೆರೆದುಕೊಟ್ಟೆ.