ಸ್ವಲ್ಪ ಬಣ್ಣ ಬರಲಿ

ಹೈದರಾಬಾದಿನಲ್ಲಿ ವಿಮಾನ ಇಳಿದು, ಬಿಸಿಗಾಳಿಯಲ್ಲಿ ಕಾರು ಹತ್ತಿ, ಮಾನ್ವಿ ಮುಟ್ಟುವಷ್ಟರಲ್ಲಿ ಸಂಜೆಯಾಗಿತ್ತು. ನಾನಿನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ದೊಡ್ಡವ್ವ ನನ್ನ ತಂಗಿಯ ಗದ್ದ ಹಿಡಿದು ನನ್ನ ಕಡೆ ತಿರುಗಿಸಿದಳು.

"ನೋಡವಾ ನಿನ್ನ ತಂಗಿ ಮಾರಿ. ಎರಡು ಸಾವಿರ ಕೊಟ್ಟು ಫೇಶಿಯಲ್ ಮಾಡಿಸಿಕೊಂಡು ಬಂದಾಳ. ಬಣ್ಣ ಬರ್ಲಿಲ್ಲ, ಗುಳ್ಳಿ ಬಂದ್ವು."

ಮದುವೆಗೆ ಐದು ದಿನ ಉಳಿದಿತ್ತು. ತಂಗಿ ನಕ್ಕಳು. ಆ ನಗು ನನಗೆ ಗೊತ್ತು. ಹನ್ನೊಂದು ವರ್ಷದ ಹಿಂದೆ ಇದೇ ಪಡಸಾಲೆಯಲ್ಲಿ ಕೂತು ನಾನೂ ಹಾಗೇ ನಕ್ಕಿದ್ದೆ.

ನಾನು ಹ್ಯಾಂಬರ್ಗ್‌ನಲ್ಲಿದ್ದೇನೆ. ಎರಡು ತಿಂಗಳ ಹಿಂದೆ ಅಲ್ಲಿ ಆಫೀಸಿನ ಗೆಳತಿಯೊಬ್ಬಳ ಮದುವೆಯಾಯಿತು. ಆಕೆ ಆರು ವಾರ ಮೊದಲೇ ಒಮ್ಮೆ ಪೂರ್ತಿ ಮೇಕಪ್ ಹಾಕಿಸಿಕೊಂಡು, ಅದೇ ಮುಖದಲ್ಲಿ ದಿನವಿಡೀ ಓಡಾಡಿ, ಕಣ್ಣು ಉರಿಯಲಿಲ್ಲ, ಕೆನ್ನೆ ಕೆರೆಯಲಿಲ್ಲ ಎಂದು ಖಾತ್ರಿ ಮಾಡಿಕೊಂಡಳು. ಆಮೇಲೆ ಅದರ ಗೋಜಿಗೇ ಹೋಗಲಿಲ್ಲ. ಕೊನೆಯ ಎರಡು ವಾರ ಮುಖಕ್ಕೆ ಹೊಸ ಸೋಪು ಕೂಡ ಸೋಕಿಸಲಿಲ್ಲ. ಮದುವೆಗೆ ಎರಡು ದಿನ ಮುಂಚೆ ಪೋಲ್ಟರ್‌ಆಬೆಂಡ್ ಆಯಿತು. ಬಂದವರೆಲ್ಲ ಹಳೆಯ ಪಿಂಗಾಣಿ ತಟ್ಟೆ, ಬಟ್ಟಲು ತಂದು ಬಾಗಿಲ ಮುಂದೆ ಒಡೆಯುತ್ತಾರೆ. ಗಾಜು ಮಾತ್ರ ಒಡೆಯುವಂತಿಲ್ಲ, ಅಪಶಕುನವಂತೆ. ಚೂರುಗಳನ್ನು ಮದುಮಗ, ಮದುಮಗಳು ಕೂಡಿಯೇ ಗುಡಿಸಬೇಕು. ಕೂದಲು ಎತ್ತಿ ಕಟ್ಟಿ, ಹಳೇ ಪ್ಯಾಂಟು ತೊಟ್ಟು, ಕಸಬರಿಗೆ ಹಿಡಿದು ನಿಂತ ಮದುಮಗಳನ್ನು ಮೂವತ್ತು ಮಂದಿ ನೋಡಿದೆವು. ಆಕೆಯ ಮುಖದ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ. ಹತ್ತು ಗಂಟೆಗೆ ನಮ್ಮನ್ನೆಲ್ಲ ಕಳಿಸಿ, ಬಾಗಿಲಿಗೆ ಚಿಲಕ ಹಾಕಿ ಮಲಗಿದಳು.

ನನಗೆ ಹೊಟ್ಟೆಕಿಚ್ಚಾದದ್ದು ಆ ಚಿಲಕದ ಮೇಲೆ. ನಮ್ಮ ಮದುವೆ ಮನೆಯಲ್ಲಿ ಚಿಲಕ ಬೀಳುವುದು ಬಚ್ಚಲಿಗೆ ಮಾತ್ರ. ಅರಿಶಿಣ ಹಚ್ಚಿದ ಮೇಲೆ ಹುಡುಗಿ ಹೊಸ್ತಿಲು ದಾಟುವಂತಿಲ್ಲ, ಒಳಗೆ ಒಬ್ಬಳೇ ಕೂರುವಂತೆಯೂ ಇಲ್ಲ. ತಂಗಿ ಬಚ್ಚಲಿಗೆ ಹೋಗಿ ಹತ್ತು ನಿಮಿಷ ಸುಮ್ಮನೆ ಕೂತು ಬರುತ್ತಿದ್ದಳು. ಹೊರಗಿನಿಂದ ಚಿಗವ್ವನ ಕೂಗು: "ಎಷ್ಟೊತ್ತವಾ? ಬಾರವಾ, ಬಳಿಗಾರ ಬಂದಾನ." ಬೆಳಿಗ್ಗೆ ತೆಳ್ಳಗಾಗಲೆಂದು ಜೀರಿಗೆ ನೀರು ಕುಡಿಸಿದವರೇ ಮಧ್ಯಾಹ್ನ ತುಪ್ಪ ಸುರಿದು ಎರಡನೇ ಹೋಳಿಗೆ ಬಡಿಸುತ್ತಿದ್ದರು. ರಾತ್ರಿ ಒಂದಕ್ಕೂ ಚಹಾ. ಬಂದವರೆಲ್ಲ ಮೊದಲು ಮುಖ ನೋಡುವುದು, ಆಮೇಲೆ ಮಾರ್ಕ್ಸು ಕೊಡುವುದು. ನಿದ್ದೆ ಇಲ್ಲದ ಹುಡುಗಿಯ ಕಣ್ಣ ಕೆಳಗೆ ಕಪ್ಪಾಗದೆ ಇನ್ನೇನಾಗುತ್ತದೆ?

ಮರುದಿನ ಅವಳ ದಿಂಬಿನ ಕೆಳಗೆ ಒಂದು ಟ್ಯೂಬು ಸಿಕ್ಕಿತು. 'ಬಣ್ಣ ಬರೋ ಕ್ರೀಮು', ಎಂಟು ದಿನದಿಂದ ಹಚ್ಚುತ್ತಿದ್ದಳಂತೆ. ಓದಿದರೆ ಬೆಟಾಮೆಥಾಸೋನ್, ಅಂದರೆ ಸ್ಟೆರಾಯ್ಡ್. ಮೊದಮೊದಲು ಮುಖ ತಿಳಿಯಾದಂತೆ ಕಾಣುತ್ತದೆ. ಹಚ್ಚುತ್ತಾ ಹೋದರೆ ಚರ್ಮ ತೆಳುವಾಗುತ್ತದೆ, ಗುಳ್ಳೆ ಏಳುತ್ತವೆ, ಬಿಟ್ಟ ಮೇಲೆ ಕೆಂಪಗಾಗಿ ಉರಿಯುತ್ತದೆ. ಇಂಥ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದೆಂದು 2018ರಲ್ಲೇ ಕೇಂದ್ರ ಸರ್ಕಾರ ಬಿಗಿ ಮಾಡಿದೆ. ಆದರೂ ಇವಳಿಗೆ ಹಲ್ಲುಜ್ಜುವ ಪೇಸ್ಟು ಕೊಟ್ಟಷ್ಟು ಸಲೀಸಾಗಿ ಕೊಟ್ಟಿದ್ದರು. ಪಾರ್ಲರಿನ ಎರಡು ಸಾವಿರದ ಮೇಲೆ ಇದೂ ಒಂದು. ನನಗೆ ಬಂದ ಸಿಟ್ಟಿನ ಪಾಲು ಅಂಗಡಿಯವನಿಗಿಂತ ಪಡಸಾಲೆಗೇ ಹೆಚ್ಚು. ಹುಟ್ಟಿದ ಬಣ್ಣ ಐದು ದಿನದಲ್ಲಿ ಬದಲಾಗಬೇಕು ಎಂದು ಹಟ ಹಿಡಿದವರು ಅಲ್ಲೇ ಕೂತು ಎಲಿ ಅಡಿಕಿ ಹಾಕುತ್ತಿದ್ದರಲ್ಲ.

ಟ್ಯೂಬು ಕಿತ್ತುಕೊಂಡೆ. ರಾಯಚೂರಿಗೆ ಕರೆದೊಯ್ದು ಚರ್ಮದ ಡಾಕ್ಟರಿಗೆ ತೋರಿಸಿದೆ. ಇನ್ನು ಮುಖಕ್ಕೆ ಬರೀ ನೀರು, ಹೊಟ್ಟೆಗೆ ಮಜ್ಜಿಗಿ, ಮಧ್ಯಾಹ್ನ ನಿದ್ದಿ ಎಂದು ಮನೆಗೆಲ್ಲ ಕೇಳುವಂತೆ ಹೇಳಿದೆ. ಸುರಗಿ, ಅಂದರೆ ಅರಿಶಿಣ ಹಚ್ಚಿ ನೀರೆರೆಯುವ ಶಾಸ್ತ್ರದ ದಿನದ ಅರಿಶಿಣವನ್ನು ಹಿಂದಿನ ದಿನವೇ ಮುಂಗೈಗೆ ಚೂರು ಹಚ್ಚಿ ನೋಡೋಣ ಅಂದಾಗ ದೊಡ್ಡವ್ವ ಗಲ್ಲಕ್ಕೆ ಕೈ ಹಚ್ಚಿದಳು. "ಅರಿಶಿಣಕ್ಕೂ ಪರೀಕ್ಷಿ ಏನವಾ? ಜರ್ಮನಿಯೊಳಗ ಹಿಂಗ ಕಲಿಸ್ಯಾರೇನು?"

ಒಂದು ಮಾತು ಹೇಳದೆ ಬಿಟ್ಟಿದ್ದೆ, ಹೇಳಿಬಿಡುತ್ತೇನೆ. ಚಿಲಕ ಹಾಕಿ ಮಲಗಿದ ಆ ಗೆಳತಿ ಮದುವೆಯ ದಿನ ನಸುಕಿನ ನಾಲ್ಕಕ್ಕೇ ಎದ್ದು ಕೂತಿದ್ದಳಂತೆ. ಎದೆ ಹೊಡೆದುಕೊಳ್ಳುತ್ತಿತ್ತು, ಅಮ್ಮ ಹೋಟೆಲಿನಲ್ಲಿ ಮಲಗಿರುತ್ತಾಳೆ, ಎಬ್ಬಿಸುವುದು ಹೇಗೆ ಎಂದು ಏಳರ ತನಕ ಒಬ್ಬಳೇ ಕಿಟಕಿ ನೋಡುತ್ತಿದ್ದಳಂತೆ. ಇದನ್ನು ನಾನು ಮಾನ್ವಿಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಪಡಸಾಲೆಗೆ ಆನೆ ಬಲ ಬರುತ್ತಿತ್ತು.

ಸುರಗಿಯ ಹಿಂದಿನ ಮಧ್ಯಾಹ್ನ ಕರೆಂಟು ಹೋಯಿತು. ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿಗಳನ್ನು ಇಟ್ಟುಕೊಂಡ ಜಿಲ್ಲೆಯಲ್ಲೂ ಹೋಗುತ್ತದೆ. ಹೊರಗೆ ಬಿಸಿಲು 42 ಡಿಗ್ರಿ. ದೊಡ್ಡವ್ವ ಗೋಡೆಗೆ ಒರಗಿ ಕಾಲು ಚಾಚಿ ಕೂತು, ತಂಗಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೊಬ್ಬರಿ ಎಣ್ಣೆ ತಟ್ಟತೊಡಗಿದಳು. ತಟ್ಟುತ್ತಾ ತಟ್ಟುತ್ತಾ ನಮ್ಮ ಮನೆಯ ಮೂರು ತಲೆಮಾರಿನ ಗಂಡಸರನ್ನೆಲ್ಲ ಒಬ್ಬೊಬ್ಬರನ್ನಾಗಿ ಬೈದಳು. ಎರಡನೇ ತಲೆಮಾರು ಮುಗಿಯುವ ಮುಂಚೆ ತಂಗಿ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಇಷ್ಟು ದಿನ ನಾನು ಎಷ್ಟು ಬೇಡಿಕೊಂಡರೂ ಬಾರದ ನಿದ್ದೆ.

ಬಳೆ ಲೆಕ್ಕ ಕೇಳಲು ಬಂದ ಚಿಗವ್ವನನ್ನು ದೊಡ್ಡವ್ವ ಕಣ್ಣಲ್ಲೇ ಹೊರಗೆ ಕಳಿಸಿದಳು. ಒಂದು ಕೈಯಲ್ಲಿ ಬೀಸಣಿಗೆ. ಒಂದೂವರೆ ತಾಸು ಕಾಲು ಅಲುಗಿಸಲಿಲ್ಲ. ತಂಗಿ ಎದ್ದ ಮೇಲೆ ಜೋಮು ಹಿಡಿದ ಕಾಲನ್ನು ತಿಕ್ಕಿಕೊಳ್ಳುತ್ತಾ, ಗೋಡೆ ಹಿಡಿದು ಎದ್ದು ನಿಂತು, ಅವಳ ಗದ್ದ ಎತ್ತಿ ನನ್ನ ಕಡೆ ತಿರುಗಿಸಿದಳು.

"ಈಗ ನೋಡು, ಸ್ವಲ್ಪ ಬಣ್ಣ ಬಂತು."